ಹಲ್ಲಿಗೆ ಹೊಸ ಕ್ಯಾಪ್ ಹಾಕಿಸಿಕೊಂಡ ಮೇಲೆ: ಮೊದಲ ದಿನದಿಂದ ಮುಂದಿನ ವರ್ಷಗಳವರೆಗೆ ಆರೈಕೆ ಹೇಗೆ?

ರೂಟ್ ಕೆನಾಲ್ ಮುಗಿಸಿ ಕ್ಯಾಪ್ ಹಾಕಿಸಿಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಇವತ್ತು ರಾತ್ರಿ ಊಟ ಮಾಡಬಹುದೇ? ತಣ್ಣೀರು ತಾಗಿದರೆ ಜುಂ ಎನ್ನುತ್ತಿದೆ, ಇದು ಸರಿಯೇ? ಚಕ್ಕುಲಿ, ಕೋಡುಬಳೆಗಳನ್ನು ಇನ್ನು ಮರೆತೇಬಿಡಬೇಕೇ? ಕ್ಯಾಪ್ ಕಳಚಿ ಕೈಗೆ ಬಂದಿದೆ, ಮನೆಯಲ್ಲೇ ಅಂಟಿಸಿಕೊಳ್ಳಲೇ? ಇವುಗಳಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು, ಅಳತೆ ಕೊಟ್ಟ ದಿನದಿಂದ ಆರಂಭಿಸಿ ಹಂತಹಂತವಾಗಿ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಬಾಯನ್ನು ನೋಡಿರುವ ದಂತವೈದ್ಯರು ಬೇರೆ ಸೂಚನೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳಬೇಕು. ಕ್ಯಾಪ್ ಅಥವಾ ಕ್ರೌನ್ ಎಂದರೆ, ಸವೆದ, ಮುರಿದ ಇಲ್ಲವೇ ರೂಟ್ ಕೆನಾಲ್ ಆದ ಹಲ್ಲನ್ನು ಸುತ್ತಲೂ ಸ್ವಲ್ಪ ಕೊರೆದು, ಅದರ ಮೇಲೆ ಸಿಮೆಂಟಿನಿಂದ ಕೂರಿಸುವ ಹೊದಿಕೆ. ಅದು ಲೋಹದ್ದಿರಲಿ, ಲೋಹದ ಮೇಲೆ ಪಿಂಗಾಣಿ ಹೊದಿಸಿದ್ದಿರಲಿ, ಜಿರ್ಕೋನಿಯಾದ್ದಿರಲಿ (ಹಲ್ಲಿನ ಬಣ್ಣದ, ಬಹಳ ಗಟ್ಟಿಯಾದ ಪಿಂಗಾಣಿಯಂಥ ವಸ್ತು), ಅದಕ್ಕೆ ಹುಳುಕು ಹಿಡಿಯುವುದಿಲ್ಲ. ಹುಳುಕು ಹಿಡಿಯುವುದು ಅದರ ಕೆಳಗಿರುವ ನಿಮ್ಮ ಸ್ವಂತ ಹಲ್ಲಿಗೆ. ಕ್ಯಾಪ್ ಮುಗಿದು ಹಲ್ಲು ಆರಂಭವಾಗುವ ಗೆರೆಯನ್ನು ಮಾರ್ಜಿನ್ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ‘ಅಂಚು’ ಎಂದು ಕರೆಯುತ್ತೇನೆ. ಬಹಳಷ್ಟು ಕ್ಯಾಪ್‌ಗಳಲ್ಲಿ ಈ ಅಂಚು ಒಸಡಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೂದಲೆಳೆಯಷ್ಟು ಕೆಳಗೆ ಇರುತ್ತದೆ. ಅಲ್ಲಿ ಹಲ್ಲಿನ ಗಟ್ಟಿ ಎನಾಮಲ್ ಪದರ ತೆಳುವಾಗಿರುತ್ತದೆ ಅಥವಾ ಇರುವುದೇ ಇಲ್ಲ. ಛಾವಣಿ ಎಷ್ಟೇ ಗಟ್ಟಿಯಾಗಿದ್ದರೂ ಗೋಡೆಯ ಬುಡಕ್ಕೆ ಗೆದ್ದಲು ಹತ್ತಿದರೆ ಮನೆ ನಿಲ್ಲುವುದಿಲ್ಲ. ‘ಕ್ಯಾಪ್ ಹಾಕಿಸಿದ್ದಾಯಿತು, ಇನ್ನು ಆ ಹಲ್ಲಿನ ಚಿಂತೆಯಿಲ್ಲ’ ಎಂದುಕೊಂಡವರ ಹಲ್ಲು ಕೆಲವೇ ವರ್ಷಗಳಲ್ಲಿ ಬುಡದಿಂದ ಕೊಳೆತು ಬರುವುದಕ್ಕೆ ಕಾರಣ ಇದೇ. ಆದ್ದರಿಂದ ಕ್ಯಾಪ್‌ನ ಆರೈಕೆಯೆಂದರೆ ಬಹುಪಾಲು ಅಂಚಿನ ಆರೈಕೆ.

ಕೈಯಲ್ಲಿ ಇರಬೇಕಾದದ್ದು

ಮೆತ್ತನೆಯ ಎಳೆಗಳಿರುವ ಬ್ರಷ್, ಫ್ಲೋರೈಡ್ ಇರುವ ಟೂತ್‌ಪೇಸ್ಟ್, ಫ್ಲಾಸ್ (ಹಲ್ಲಿನ ಸಂದುಗಳನ್ನು ಸ್ವಚ್ಛ ಮಾಡುವ ತೆಳು ದಾರ), ಮತ್ತು ಸಂದು ಅಗಲವಾಗಿದ್ದರೆ ಇಂಟರ್‌ಡೆಂಟಲ್ ಬ್ರಷ್ (ಸಂದಿನೊಳಗೆ ತೂರಿಸುವ ಪುಟಾಣಿ ಬ್ರಷ್). ಇವೆಲ್ಲ ಔಷಧದ ಅಂಗಡಿಗಳಲ್ಲಿ ಸಿಗುತ್ತವೆ. ಚಿಕ್ಕ ಊರುಗಳಲ್ಲಿ ಫ್ಲಾಸ್ ಮತ್ತು ಪುಟ್ಟ ಬ್ರಷ್ ಕೆಲವೊಮ್ಮೆ ದಾಸ್ತಾನಿನಲ್ಲಿ ಇರುವುದಿಲ್ಲ. ಕೇಳಿದರೆ ತರಿಸಿಕೊಡುತ್ತಾರೆ, ಇಲ್ಲವೇ ನಿಮ್ಮ ಕ್ಲಿನಿಕ್ಕಿನಲ್ಲೇ ವಿಚಾರಿಸಿ. ಮುಚ್ಚಳವಿರುವ ಒಂದು ಸಣ್ಣ ಡಬ್ಬಿಯೂ ಮನೆಯಲ್ಲಿರಲಿ; ಅದರ ಉಪಯೋಗ ಕೊನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 1: ಅಳತೆ ಕೊಟ್ಟ ದಿನದಿಂದ ಕ್ಯಾಪ್ ಬರುವವರೆಗೆ

ಹಲ್ಲನ್ನು ಕೊರೆದು, ಅಳತೆ ತೆಗೆದು ಲ್ಯಾಬಿಗೆ ಕಳಿಸಿದ ಮೇಲೆ ಕ್ಯಾಪ್ ತಯಾರಾಗಿ ಬರಲು ಸಾಮಾನ್ಯವಾಗಿ ಕೆಲವು ದಿನಗಳಿಂದ ಎರಡು ವಾರ ಹಿಡಿಯುತ್ತದೆ. ಈ ನಡುವೆ ಬಹಳಷ್ಟು ಕಡೆ ಅಕ್ರಿಲಿಕ್ ಅಥವಾ ಅದರಂಥ ಪ್ಲಾಸ್ಟಿಕ್ಕಿನ ತಾತ್ಕಾಲಿಕ ಕ್ಯಾಪ್ ಕೂರಿಸುತ್ತಾರೆ. ಮುಂದೆ ಸುಲಭವಾಗಿ ತೆಗೆಯಲು ಬರಬೇಕಾದ ಕಾರಣ ಅದನ್ನು ಬೇಕೆಂದೇ ದುರ್ಬಲವಾದ ಸಿಮೆಂಟಿನಿಂದ ಅಂಟಿಸಿರುತ್ತಾರೆ. ಬಾಯಲ್ಲಿ ಲವಂಗದ ವಾಸನೆ ಬಂದರೆ ಗಾಬರಿ ಬೇಡ. ತಾತ್ಕಾಲಿಕ ಸಿಮೆಂಟುಗಳಲ್ಲಿ ಕೆಲವಕ್ಕೆ ಲವಂಗದೆಣ್ಣೆಯ ಮುಖ್ಯ ಅಂಶವಾದ ಯುಜೆನಾಲ್ ಬೆರೆಸಿರುತ್ತಾರೆ.

ಈ ದಿನಗಳಲ್ಲಿ ಆ ಬದಿಯಲ್ಲಿ ಚಿಕ್ಕಿ, ಅಂಟಿನುಂಡೆ, ಚೂಯಿಂಗ್ ಗಮ್, ಎಳೆಯುವಂಥ ಮಿಠಾಯಿಗಳನ್ನು ಅಗಿಯಬೇಡಿ. ಫ್ಲಾಸ್ ಮಾಡುವುದಿದ್ದರೆ ದಾರವನ್ನು ಮೇಲಕ್ಕೆ ಕಿತ್ತು ತೆಗೆಯದೆ, ಒಂದು ತುದಿಯನ್ನು ಬಿಟ್ಟು ಪಕ್ಕದಿಂದ ಎಳೆದು ಹೊರತೆಗೆಯಿರಿ. ಮೇಲಕ್ಕೆ ಎಳೆದರೆ ಕ್ಯಾಪ್ ಅದರೊಂದಿಗೇ ಎದ್ದುಬರಬಹುದು.

ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ನಮ್ಮಲ್ಲಿ ಎಷ್ಟೋ ಕಡೆ ತಾತ್ಕಾಲಿಕ ಕ್ಯಾಪ್ ಹಾಕದೆ ಹಾಗೆಯೇ ಕಳಿಸುವುದೂ ಉಂಟು. ನೋವಿಲ್ಲದ ಕಾರಣ ರೋಗಿಗೂ ಅದರ ನೆನಪಿರುವುದಿಲ್ಲ. ಅಂಥ ಹಲ್ಲು ಸುತ್ತಲೂ ತೆಳುವಾಗಿರುತ್ತದೆ. ಒಂದು ಗಟ್ಟಿ ಕಡಲೆ ಸಿಕ್ಕರೂ ಸೀಳಿಹೋಗಬಹುದು. ಕ್ಯಾಪ್ ಬರುವವರೆಗೆ ಆ ಬದಿಯಲ್ಲಿ ಅಗಿಯುವುದನ್ನೇ ಬಿಡಿ, ಆದರೆ ಬ್ರಷ್ ಮಾಡುವುದನ್ನು ಬಿಡಬೇಡಿ. ಒಸಡು ಊದಿ ರಕ್ತ ಬರುತ್ತಿದ್ದರೆ ಕ್ಯಾಪ್ ಕೂರಿಸುವ ದಿನ ಸಿಮೆಂಟ್ ಒದ್ದೆಯಾಗಿ ಹಿಡಿತ ಕೆಡುತ್ತದೆ.

ಎಚ್ಚರಿಕೆ: ತಾತ್ಕಾಲಿಕ ಕ್ಯಾಪ್ ಬಿದ್ದುಹೋದರೆ ‘ಹೇಗೂ ಮುಂದಿನ ವಾರ ಹೋಗುತ್ತೇನಲ್ಲ’ ಎಂದು ಕಾಯಬೇಡಿ. ಪಕ್ಕದ ಮತ್ತು ಎದುರಿನ ಹಲ್ಲುಗಳು ಖಾಲಿ ಜಾಗದತ್ತ ಸರಿಯುತ್ತವೆ, ಒಸಡು ಮೇಲೆ ಬೆಳೆಯುತ್ತದೆ, ಅಳತೆಗೆ ಸರಿಯಾಗಿ ಮಾಡಿಸಿದ ಕ್ಯಾಪ್ ಕೂರದೆ ಹೋಗಬಹುದು. ಅಂದೇ ಅಥವಾ ಮರುದಿನವೇ ಫೋನ್ ಮಾಡಿ. ತಾತ್ಕಾಲಿಕ ಕ್ಯಾಪ್‌ನಲ್ಲೇ ತಿಂಗಳುಗಟ್ಟಲೆ ದೂಡುವುದು ಇನ್ನೂ ಕೆಟ್ಟದ್ದು. ಅದರ ಅಂಚು ಸೋರುತ್ತದೆ, ಒಳಗೆ ಹುಳುಕು ಆರಂಭವಾಗುತ್ತದೆ.

ವಿದೇಶದಿಂದ ರಜೆಗೆ ಬಂದು ಇಲ್ಲಿ ಹಲ್ಲಿನ ಕೆಲಸ ಮಾಡಿಸಿಕೊಳ್ಳುವ ಕನ್ನಡಿಗರು ಬಹಳ. ಅವರಿಗೆ ಒಂದು ಮಾತು: ಮದುವೆ ಮುಂಜಿಗಳ ಓಡಾಟವೆಲ್ಲ ಮುಗಿದ ಮೇಲೆ ಕೊನೆಯ ವಾರಕ್ಕೆ ಇದನ್ನು ಇಟ್ಟುಕೊಳ್ಳಬೇಡಿ. ಬಂದ ಮೊದಲ ವಾರದಲ್ಲೇ ಆರಂಭಿಸಿ, ಕ್ಯಾಪ್ ಕೂರಿಸಿದ ಮೇಲೆ ಕನಿಷ್ಠ ಹತ್ತು ಹನ್ನೆರಡು ದಿನ ಊರಿನಲ್ಲಿರುವಂತೆ ಯೋಜಿಸಿ. ಐದು ನಿಮಿಷದಲ್ಲಿ ಆಗುವ ಸಣ್ಣ ತಿದ್ದುಪಡಿಗೂ ಅಲ್ಲಿ ಹೊಸದಾಗಿ ವೈದ್ಯರನ್ನು ಹುಡುಕಿ ದುಬಾರಿ ಶುಲ್ಕ ತೆರಬೇಕಾಗುತ್ತದೆ.

ಹಂತ 2: ಕುರ್ಚಿಯಿಂದ ಏಳುವ ಮುನ್ನ

ಕ್ಯಾಪ್ ಒಮ್ಮೆ ಶಾಶ್ವತ ಸಿಮೆಂಟಿನಲ್ಲಿ ಕೂತ ಮೇಲೆ ಅದನ್ನು ತೆಗೆಯುವುದೆಂದರೆ ಬಹುತೇಕ ಕತ್ತರಿಸಿಯೇ ತೆಗೆಯಬೇಕು. ಹೀಗಾಗಿ ಕೇಳಬೇಕಾದದ್ದನ್ನು ಅಂಟಿಸುವ ಮುಂಚೆಯೇ ಕೇಳಿ. ಮುಂದಿನ ಹಲ್ಲಾದರೆ ಕನ್ನಡಿ ಹಿಡಿದು ಕಿಟಕಿಯ ಬೆಳಕಿನಲ್ಲಿ ಬಣ್ಣ ನೋಡಿ. ಕುರ್ಚಿಯ ಮೇಲಿನ ದೀಪದಲ್ಲಿ ಹೊಂದಿದಂತೆ ಕಂಡ ಬಣ್ಣ ಬಿಸಿಲಿನಲ್ಲಿ ಬೇರೆಯಾಗಿ ಕಾಣಬಹುದು. ಬಣ್ಣ, ಆಕಾರ ಒಪ್ಪಿಗೆಯಾಗದಿದ್ದರೆ ಸಂಕೋಚಪಡದೆ ಹೇಳಿ, ಆ ಹೊತ್ತಿನಲ್ಲಿ ಅದನ್ನು ಲ್ಯಾಬಿಗೆ ಹಿಂದಿರುಗಿಸಲು ಸಾಧ್ಯವಿರುತ್ತದೆ.

ಅಂಟಿಸಿದ ಮೇಲೆ ಬಣ್ಣದ ತೆಳು ಕಾಗದವನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಲು ಹೇಳುತ್ತಾರೆ. ಎಲ್ಲಿ ಹೆಚ್ಚು ಒತ್ತಡ ಬೀಳುತ್ತಿದೆಯೋ ಅಲ್ಲಿ ಬಣ್ಣದ ಗುರುತು ಗಾಢವಾಗಿ ಮೂಡುತ್ತದೆ, ಅಷ್ಟನ್ನು ತೀಡುತ್ತಾರೆ. ಮಲಗಿದ ಭಂಗಿಯಲ್ಲಿ ಕಚ್ಚುವುದಕ್ಕೂ ನೆಟ್ಟಗೆ ಕೂತು ಕಚ್ಚುವುದಕ್ಕೂ ತುಸು ವ್ಯತ್ಯಾಸವಿರುವುದರಿಂದ, ಎದ್ದು ಕೂತು ಇನ್ನೊಮ್ಮೆ ಕಚ್ಚಿ ನೋಡುತ್ತೇನೆಂದು ಕೇಳಿ. ಇಂಜೆಕ್ಷನ್ನಿನಿಂದ ಮರಗಟ್ಟಿರುವಾಗ ಎತ್ತರ ಸರಿಯಾಗಿ ಗೊತ್ತಾಗುವುದಿಲ್ಲ ಎಂಬುದೂ ನೆನಪಿರಲಿ.

ಎರಡು ವಿವರಗಳನ್ನು ಬರೆಸಿಕೊಳ್ಳಿ: ಕ್ಯಾಪ್ ಯಾವ ವಸ್ತುವಿನದು, ಮತ್ತು ಹಲ್ಲಿನ ಸಂಖ್ಯೆ ಯಾವುದು. ಇಲ್ಲಿ ದಂತವೈದ್ಯರು ಎರಡು ಅಂಕಿಯ ಕ್ರಮವನ್ನು ಬಳಸುತ್ತಾರೆ. ದೊಡ್ಡವರ ಹಲ್ಲುಗಳಲ್ಲಿ ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ ಎಂದು ಸೂಚಿಸುತ್ತದೆ (ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4). ಎರಡನೆಯ ಅಂಕಿ ನಡುವಿನಿಂದ ಎಣಿಸಿದಾಗ ಎಷ್ಟನೆಯ ಹಲ್ಲು ಎಂಬುದು. ಕೆಳಗಿನ ಬಲಭಾಗದ ಮೊದಲ ದೊಡ್ಡ ದವಡೆ ಹಲ್ಲು 46 ಆಗುತ್ತದೆ. ವೈದ್ಯರು ಬದಲಾದಾಗ, ಊರು ಬದಲಾದಾಗ ಈ ಒಂದು ಸಾಲಿನ ದಾಖಲೆ ಬಹಳ ಉಪಯೋಗಕ್ಕೆ ಬರುತ್ತದೆ. ಜಿರ್ಕೋನಿಯಾ ಕ್ಯಾಪ್‌ಗಳೊಂದಿಗೆ ವಾರಂಟಿ ಕಾರ್ಡ್ ಕೊಡುವುದುಂಟು. ಅದನ್ನು ಕೇಳಿ ಪಡೆದು, ಫೋಟೋ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳಿ. ಹತ್ತು ಹದಿನೈದು ವರ್ಷದ ವಾರಂಟಿ ಎಂದು ಬರೆದಿದ್ದರೆ, ಅದು ಸಾಮಾನ್ಯವಾಗಿ ಕ್ಯಾಪ್ ಒಡೆಯುವುದಕ್ಕೆ ಮಾತ್ರ ಅನ್ವಯಿಸುತ್ತದೆಯೇ ಹೊರತು ಒಳಗಿನ ಹಲ್ಲು ಹುಳುಕಾಗುವುದಕ್ಕಲ್ಲ. ಷರತ್ತುಗಳನ್ನು ಅಲ್ಲಿಯೇ ಓದಿ.

ಹಂತ 3: ಮೊದಲ 24 ಗಂಟೆ

ಇಂಜೆಕ್ಷನ್ ಕೊಟ್ಟಿದ್ದರೆ ತುಟಿ, ನಾಲಿಗೆ, ಕೆನ್ನೆಗಳ ಜೋಮು ಇಳಿಯಲು ಎರಡರಿಂದ ನಾಲ್ಕು ಗಂಟೆ ಬೇಕಾಗಬಹುದು. ಅಲ್ಲಿಯವರೆಗೆ ಏನನ್ನೂ ಅಗಿಯಬೇಡಿ, ಬಿಸಿ ಕಾಫಿ ಕುಡಿಯಬೇಡಿ. ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡರೂ, ನಾಲಿಗೆ ಸುಟ್ಟುಕೊಂಡರೂ ಆ ಹೊತ್ತಿಗೆ ತಿಳಿಯುವುದಿಲ್ಲ. ಮರುದಿನ ಹುಣ್ಣಾದಾಗ ಅದನ್ನು ಕ್ಯಾಪ್‌ನ ದೋಷವೆಂದು ಭಾವಿಸುವವರೂ ಇದ್ದಾರೆ.

ಜೋಮು ಇಳಿದ ಮೇಲೆ ಸಿಮೆಂಟಿನ ಲೆಕ್ಕ. ಸಿಮೆಂಟುಗಳು ಬಗೆಬಗೆಯವು. ರೆಸಿನ್ ಬಗೆಯವು ದೀಪದ ಬೆಳಕಿನಲ್ಲಿ ಬೇಗನೆ ಗಟ್ಟಿಯಾಗುತ್ತವೆ. ಹೆಚ್ಚು ಬಳಕೆಯಲ್ಲಿರುವ ಗ್ಲಾಸ್ ಅಯಾನೊಮರ್ ಬಗೆಯದು ಕೆಲವು ನಿಮಿಷಗಳಲ್ಲಿ ಬಿಗಿದರೂ ಪೂರ್ಣ ಬಲ ಪಡೆಯಲು ಸುಮಾರು ಒಂದು ದಿನ ಬೇಕು. ನಿಮ್ಮದು ಯಾವುದೆಂದು ಗೊತ್ತಿಲ್ಲದಿದ್ದರೆ ಮೊದಲ ಒಂದು ಗಂಟೆ ಏನನ್ನೂ ತಿನ್ನದೆ, ಆಮೇಲೆ 24 ಗಂಟೆ ಇನ್ನೊಂದು ಬದಿಯಲ್ಲಿ ಮೆತ್ತನೆಯ ಆಹಾರವನ್ನಷ್ಟೇ ಅಗಿಯುವುದು ಕ್ಷೇಮ. ಮೊಸರನ್ನ, ಇಡ್ಲಿ, ಪೊಂಗಲ್, ಗಂಜಿ, ಬೇಳೆಸಾರಿನಲ್ಲಿ ಕಲಸಿದ ಮೆತ್ತನ್ನ ಆಗಬಹುದು. ಮುದ್ದೆ ಉಣ್ಣುವವರಿಗಂತೂ ಯೋಚನೆಯೇ ಇಲ್ಲ, ಅದನ್ನು ಅಗಿಯುವ ಪದ್ಧತಿಯೇ ಇಲ್ಲವಲ್ಲ. ಆದರೆ ಸಾರಿನಲ್ಲಿ ಮೂಳೆ, ಹುರುಳಿಕಾಳು ಇದ್ದರೆ ಎಚ್ಚರ.

ರಾತ್ರಿ ಬ್ರಷ್ ಮಾಡಿ. ಕ್ಯಾಪ್ ಅಲುಗೀತೆಂಬ ಹೆದರಿಕೆಯಿಂದ ಆ ಭಾಗವನ್ನು ಮುಟ್ಟದೆ ಬಿಡುವುದು ಬಹಳ ಸಾಮಾನ್ಯವಾದ ತಪ್ಪು. ಒಸಡು ನೋಯುತ್ತಿದ್ದರೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ದಿನಕ್ಕೆ ಎರಡು ಮೂರು ಸಲ ಬಾಯಿ ಮುಕ್ಕಳಿಸಿ. ನೋವಿನ ಮಾತ್ರೆಯನ್ನು ವೈದ್ಯರು ಹೇಳಿದ್ದನ್ನು ಹೇಳಿದಂತೆಯೇ ನುಂಗಬೇಕು. ಮಾತ್ರೆಯನ್ನು ಪುಡಿ ಮಾಡಿ ಒಸಡಿಗೆ ಒತ್ತುವುದು, ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ರಾತ್ರಿಯಿಡೀ ಇಟ್ಟುಕೊಳ್ಳುವುದು, ಇವೆರಡರಿಂದಲೂ ಒಸಡು ಸುಟ್ಟು ಬೆಳ್ಳಗಾಗುತ್ತದೆ.

ಹಂತ 4: ಮೊದಲ ಎರಡು ವಾರ — ಯಾವುದು ಸಹಜ, ಯಾವುದು ಅಲ್ಲ

ಹೊಸ ಕ್ಯಾಪ್ ತುಸು ದಪ್ಪವಾಗಿದೆ ಅನ್ನಿಸುವುದು, ನಾಲಿಗೆ ಪದೇ ಪದೇ ಅಲ್ಲಿಗೇ ಹೋಗುವುದು, ಸುತ್ತಲಿನ ಒಸಡು ಕೆಲವು ದಿನ ನೋಯುವುದು ಸಹಜ. ರೂಟ್ ಕೆನಾಲ್ ಆಗದ, ಅಂದರೆ ಒಳಗೆ ಜೀವಂತ ನರವಿರುವ ಹಲ್ಲಿಗೆ ಕ್ಯಾಪ್ ಹಾಕಿದ್ದರೆ ತಣ್ಣೀರಿಗೆ ಕೆಲವು ಕ್ಷಣ ಜುಂ ಎನ್ನಬಹುದು. ಅದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಹೋಗಬೇಕು. ರೂಟ್ ಕೆನಾಲ್ ಆದ ಹಲ್ಲಿಗೆ ತಂಪು ತಿಳಿಯಬಾರದು. ತಿಳಿಯುತ್ತಿದೆಯಾದರೆ ಅದು ಪಕ್ಕದ ಹಲ್ಲಿನದಿರಬಹುದು ಅಥವಾ ಚಿಕಿತ್ಸೆಯನ್ನೇ ಮತ್ತೊಮ್ಮೆ ನೋಡಬೇಕಾದ ಸೂಚನೆಯಿರಬಹುದು.

ಕಚ್ಚಿದಾಗ ಮಾತ್ರ ನೋಯುವುದು ಬೇರೆಯೇ ವಿಷಯ. ಮೇಲಿನ ಮತ್ತು ಕೆಳಗಿನ ಹಲ್ಲುಗಳು ಸೇರುವಾಗ ಕ್ಯಾಪ್ ಇರುವ ಹಲ್ಲೇ ಮೊದಲು ತಾಗುತ್ತಿದ್ದರೆ ಕ್ಯಾಪ್ ಎತ್ತರವಾಗಿದೆ ಎಂದರ್ಥ. ನರ ತೆಗೆದ ಹಲ್ಲಿನಲ್ಲೂ ಈ ನೋವು ಬರುತ್ತದೆ, ಏಕೆಂದರೆ ಬೇರನ್ನು ಮೂಳೆಗೆ ಹಿಡಿದಿಟ್ಟಿರುವ ನಾರಿನಂಥ ಪದರಕ್ಕೆ ಒತ್ತಡ ತಿಳಿಯುತ್ತದೆ. ‘ಬಳಸುತ್ತ ಬಳಸುತ್ತ ಸವೆದು ಸರಿಹೋಗುತ್ತದೆ’ ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದನ್ನು ನಂಬಬೇಡಿ. ಜಿರ್ಕೋನಿಯಾ ನಿಮ್ಮ ಹಲ್ಲಿಗಿಂತ ಗಟ್ಟಿ. ಅದು ಸವೆಯುವ ಮೊದಲು ಎದುರಿನ ಹಲ್ಲು ಸವೆಯುತ್ತದೆ, ಇಲ್ಲವೇ ಹಲ್ಲಿನ ಬೇರಿನ ಸುತ್ತ ನೋವು ಬೇರೂರುತ್ತದೆ. ಎರಡು ಮೂರು ದಿನಗಳಲ್ಲಿ ಸರಿಹೋಗದಿದ್ದರೆ ಹೋಗಿ ತೀಡಿಸಿಕೊಳ್ಳಿ. ಇದು ಕೆಲವೇ ನಿಮಿಷಗಳ ಕೆಲಸ, ಇಂಜೆಕ್ಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಇನ್ನೊಂದು ದೂರು, ಕ್ಯಾಪ್ ಮತ್ತು ಪಕ್ಕದ ಹಲ್ಲಿನ ನಡುವೆ ಪ್ರತಿ ಊಟದಲ್ಲೂ ಸೊಪ್ಪಿನ ನಾರು, ನುಗ್ಗೆಕಾಯಿಯ ಎಳೆ, ಮಾಂಸದ ಚೂರು ಸಿಕ್ಕಿಕೊಳ್ಳುವುದು. ಎಂದಾದರೊಮ್ಮೆ ಸಿಕ್ಕಿದರೆ ಚಿಂತೆಯಿಲ್ಲ. ಪ್ರತಿಸಲವೂ ಒಂದೇ ಜಾಗದಲ್ಲಿ ಸಿಕ್ಕಿದರೆ ಎರಡು ಹಲ್ಲುಗಳ ನಡುವಿನ ತಾಗುವಿಕೆ ಸಡಿಲವಾಗಿದೆ ಎಂದರ್ಥ, ಫ್ಲಾಸ್ ಹಾಕಿದಾಗ ‘ಟಕ್’ ಎಂಬ ಬಿಗಿತವಿಲ್ಲದೆ ಸಲೀಸಾಗಿ ಇಳಿಯುತ್ತದೆ. ಇದಕ್ಕೆ ಮನೆಮದ್ದಿಲ್ಲ. ಕ್ಯಾಪ್ ಅಥವಾ ಪಕ್ಕದ ಹಲ್ಲಿನ ಫಿಲ್ಲಿಂಗ್ ಸರಿಪಡಿಸಲೇಬೇಕು, ಮತ್ತು ಇದನ್ನು ಹೊಸತರಲ್ಲೇ ಕೇಳಿದರೆ ನಿಮ್ಮ ಮಾತಿಗೆ ಬಲವಿರುತ್ತದೆ.

ಎಚ್ಚರಿಕೆ: ಬಿಸಿ ತಾಗಿ ಬಂದ ನೋವು ನಿಮಿಷಗಟ್ಟಲೆ ಉಳಿಯುವುದು, ಏನೂ ತಾಗದೆಯೇ ರಾತ್ರಿ ಮಿಡಿಯುವ ನೋವು ಬರುವುದು, ಒಸಡಿನ ಮೇಲೆ ಗುಳ್ಳೆಯೆದ್ದು ಕೀವು ಬರುವುದು, ಇವು ಒಳಗಿನ ನರ ಅಥವಾ ಬೇರಿನ ತೊಂದರೆಯ ಲಕ್ಷಣಗಳು, ವಾರ ಕಾಯದೆ ಭೇಟಿ ಮಾಡಿ. ಕೆನ್ನೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ಎಂಜಲು ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹಂತ 5: ದಿನನಿತ್ಯ ಅಂಚನ್ನು ಸ್ವಚ್ಛವಾಗಿಡುವುದು

ಇದೇ ಮುಖ್ಯ ಹಂತ, ಮತ್ತು ಜನರು ಅತ್ಯಂತ ಅವಸರದಲ್ಲಿ ಮುಗಿಸುವ ಹಂತವೂ ಇದೇ. ಬ್ರಷ್ಷನ್ನು ಹಲ್ಲಿನ ಮೇಲೆ ನೇರವಾಗಿ ಒತ್ತಿ ಅಡ್ಡಡ್ಡ ಉಜ್ಜಿದರೆ ಕ್ಯಾಪ್‌ನ ಹೊಳೆಯುವ ಮೈ ಮಾತ್ರ ಶುದ್ಧವಾಗುತ್ತದೆ. ಕೊಳೆ ಕೂರುವುದು ಅಲ್ಲಲ್ಲ. ಬ್ರಷ್ಷಿನ ಎಳೆಗಳು ಒಸಡಿನ ಕಡೆಗೆ 45 ಡಿಗ್ರಿಯಷ್ಟು ಓರೆಯಾಗಿ, ಅರ್ಧ ಹಲ್ಲಿನ ಮೇಲೆ ಅರ್ಧ ಒಸಡಿನ ಮೇಲೆ ಕೂರುವಂತೆ ಹಿಡಿಯಿರಿ. ಅಲ್ಲಿಯೇ ಹಗುರವಾಗಿ, ಒಂದು ಹಲ್ಲಿನ ಅಗಲ ಮೀರದಂತೆ ಚಿಕ್ಕದಾಗಿ ಅಲುಗಿಸಿ, ಆಮೇಲೆ ಕಚ್ಚುವ ತುದಿಯ ಕಡೆಗೆ ಹೊರಳಿಸಿ. ಕೆನ್ನೆಯ ಕಡೆ ಮಾಡಿದಂತೆಯೇ ನಾಲಿಗೆಯ ಕಡೆಯೂ ಮಾಡಬೇಕು. ಕೆಳದವಡೆಯ ಒಳಬದಿಯನ್ನು ಬಹುಪಾಲು ಜನ ಮುಟ್ಟುವುದೇ ಇಲ್ಲ. ಒಟ್ಟು ಎರಡು ನಿಮಿಷ, ದಿನಕ್ಕೆ ಎರಡು ಸಲ. ಎರಡರಲ್ಲಿ ಒಂದು ಮಲಗುವ ಮುನ್ನವೇ ಆಗಬೇಕು. ನಿದ್ದೆಯಲ್ಲಿ ಎಂಜಲು ಕಡಿಮೆಯಾಗುವುದರಿಂದ ಹುಳುಕಿಗೆ ಅದು ಅನುಕೂಲದ ಹೊತ್ತು.

ನೊರೆಯನ್ನು ಉಗಿದ ಮೇಲೆ ಚೊಂಬುಗಟ್ಟಲೆ ನೀರಿನಲ್ಲಿ ಮುಕ್ಕಳಿಸುವುದು ನಮ್ಮ ಅಭ್ಯಾಸ. ಅಂಚಿನ ಬಳಿಯ ಹಲ್ಲಿಗೆ ಬಲ ಕೊಡಬೇಕಾದ ಫ್ಲೋರೈಡ್ ಅದರೊಂದಿಗೆ ತೊಳೆದುಹೋಗುತ್ತದೆ. ಉಗಿಯಿರಿ, ಬೇಕಿದ್ದರೆ ಒಂದೇ ಗುಟುಕು ನೀರಿನಲ್ಲಿ ಬಾಯಿ ಸವರಿಕೊಳ್ಳಿ, ಅಷ್ಟು ಸಾಕು. ಮೊದಮೊದಲು ಬಾಯಿ ಶುದ್ಧವಾಗಲಿಲ್ಲ ಅನ್ನಿಸಬಹುದು, ಕ್ರಮೇಣ ರೂಢಿಯಾಗುತ್ತದೆ.

ಬ್ರಷ್ ತಲುಪದ ಜಾಗಕ್ಕೆ ಫ್ಲಾಸ್ ಬೇಕು. ಮೊಳದಷ್ಟು, ಅಂದರೆ ಸುಮಾರು 45 ಸೆಂಟಿಮೀಟರ್ ದಾರ ತೆಗೆದು ಎರಡೂ ಕೈಗಳ ನಡುಬೆರಳಿಗೆ ಸುತ್ತಿ, ನಡುವೆ ಒಂದೆರಡು ಅಂಗುಲ ಬಿಟ್ಟು ಬಿಗಿಯಾಗಿ ಹಿಡಿಯಿರಿ. ಸಂದಿನೊಳಗೆ ರಭಸದಿಂದ ಒತ್ತಬೇಡಿ, ಒಸಡು ಕೊಯ್ಯುತ್ತದೆ. ಗರಗಸದಂತೆ ಮೆಲ್ಲಗೆ ಆಡಿಸುತ್ತ ಇಳಿಸಿ. ಇಳಿದ ಮೇಲೆ ದಾರವನ್ನು ಕ್ಯಾಪ್ ಇರುವ ಹಲ್ಲಿಗೆ ಅರ್ಧಚಂದ್ರಾಕಾರವಾಗಿ ತಬ್ಬಿಸಿ, ಒಸಡಿನಡಿ ತುಸು ಇಳಿಸಿ, ನಾಲ್ಕೈದು ಸಲ ಮೇಲೆ ಕೆಳಗೆ ಸವರಿ. ಆಮೇಲೆ ಅದೇ ಸಂದಿನಲ್ಲಿ ಪಕ್ಕದ ಹಲ್ಲಿಗೆ ಹೀಗೆಯೇ ಮಾಡಿ. ಮೊದಲ ಕೆಲವು ದಿನ ರಕ್ತ ಬಂದರೆ ನಿಲ್ಲಿಸಬಾರದು. ರಕ್ತ ಬರುವುದು ಬಹುಮಟ್ಟಿಗೆ ಅಲ್ಲಿ ಕೊಳೆ ಕೂತು ಒಸಡು ಕೆರಳಿರುವ ಕಾರಣಕ್ಕೆ, ಸ್ವಚ್ಛ ಮಾಡುತ್ತ ಹೋದಂತೆ ತಾನಾಗಿ ನಿಲ್ಲುತ್ತದೆ. ಎರಡು ವಾರವಾದರೂ ನಿಲ್ಲದಿದ್ದರೆ, ಅಥವಾ ದಾರ ಪ್ರತಿಸಲವೂ ಒಂದೇ ಕಡೆ ಎಳೆಎಳೆಯಾಗಿ ಹರಿದರೆ, ಒಸಡಿನಡಿ ಹೆಚ್ಚುವರಿ ಸಿಮೆಂಟ್ ಉಳಿದಿರಬಹುದು ಅಥವಾ ಅಂಚು ಸರಿಯಾಗಿ ಕೂತಿಲ್ಲದಿರಬಹುದು. ಇದನ್ನು ವೈದ್ಯರಿಗೆ ಹೀಗೆಯೇ ವಿವರಿಸಿ ಹೇಳಿ.

ನಿಮ್ಮದು ಒಂಟಿ ಕ್ಯಾಪ್ ಅಲ್ಲದೆ ಬ್ರಿಡ್ಜ್ ಆಗಿದ್ದರೆ, ಅಂದರೆ ಇಲ್ಲದ ಹಲ್ಲಿನ ಜಾಗ ತುಂಬಲು ಮೂರು ನಾಲ್ಕು ಕ್ಯಾಪ್‌ಗಳನ್ನು ಒಟ್ಟಾಗಿ ಸೇರಿಸಿದ್ದಾದರೆ, ಮೇಲಿನಿಂದ ದಾರ ಇಳಿಯುವುದಿಲ್ಲ. ಒಂದು ತುದಿ ಸೂಜಿಯಂತೆ ಗಡುಸಾಗಿರುವ ಸೂಪರ್ ಫ್ಲಾಸ್ ಎಂಬ ದಾರವನ್ನು ಪಕ್ಕದಿಂದ ತೂರಿಸಿ, ನಡುವಿನ ಕೃತಕ ಹಲ್ಲಿನ ಅಡಿಯನ್ನು ಸವರಬೇಕು. ಸಂದುಗಳು ಅಗಲವಿದ್ದರೆ ಇಂಟರ್‌ಡೆಂಟಲ್ ಬ್ರಷ್ ಸಾಕು. ಬ್ರಿಡ್ಜ್ ಹಾಕಿಸಿಕೊಂಡವರಿಗೆ ಬಾಯಿಯ ದುರ್ವಾಸನೆಯಿದ್ದರೆ ಮೊದಲು ನೋಡಬೇಕಾದ ಜಾಗ ಇದೇ.

ಬೇಡವೆಂದು ಸ್ಪಷ್ಟವಾಗಿ ಹೇಳಬೇಕಾದವು ಕೆಲವಿವೆ. ಸೇಫ್ಟಿ ಪಿನ್, ಬೆಂಕಿಕಡ್ಡಿ, ಕಡ್ಡಿಪೊರಕೆಯ ಕಡ್ಡಿಗಳಿಂದ ಸಂದು ಚುಚ್ಚುವುದು ಒಸಡನ್ನು ಗಾಯ ಮಾಡಿ ಅಂಚನ್ನು ಬಯಲಾಗಿಸುತ್ತದೆ. ಇದ್ದಿಲು, ಉಪ್ಪು, ಒರಟಾದ ಕೆಂಪು ಹಲ್ಲುಪುಡಿಗಳನ್ನು ಬೆರಳಿನಲ್ಲಿ ತಿಕ್ಕಿದರೆ ಪಿಂಗಾಣಿಯ ಹೊಳಪು ಹೋಗುತ್ತದೆ, ಅಂಚಿನ ಬಳಿಯ ಮೃದುವಾದ ಬೇರಿನ ಭಾಗ ಸವೆದು ಕಚ್ಚು ಬೀಳುತ್ತದೆ. ಮೌತ್‌ವಾಶ್ ಎಷ್ಟು ಖಾರವಾಗಿದ್ದರೂ ಉಜ್ಜುವುದಕ್ಕೆ ಬದಲಿಯಲ್ಲ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶನ್ನು ವೈದ್ಯರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಎರಡು ವಾರಕ್ಕಿಂತ ಹೆಚ್ಚಿಲ್ಲದಂತೆ ಬಳಸಿ. ಅದು ಹಲ್ಲಿಗೂ ಕ್ಯಾಪ್‌ನ ಅಂಚಿಗೂ ಕಂದು ಕಲೆ ಕಟ್ಟಿಸುತ್ತದೆ, ನಾಲಿಗೆಯ ರುಚಿಯನ್ನೂ ಕೆಡಿಸುತ್ತದೆ.

ಹಂತ 6: ತಿನ್ನುವುದು ಮತ್ತು ಅಭ್ಯಾಸಗಳು

ಚಕ್ಕುಲಿ, ನಿಪ್ಪಟ್ಟುಗಳನ್ನು ಶಾಶ್ವತವಾಗಿ ಬಿಡಬೇಕಿಲ್ಲ. ಮೊದಲ ದಿನ ಕಳೆದು, ಕಚ್ಚಿದಾಗ ನೋವಿಲ್ಲವೆಂದು ಖಚಿತವಾದ ಮೇಲೆ ಸಾಮಾನ್ಯ ಊಟಕ್ಕೆ ಮರಳಬಹುದು. ಗಟ್ಟಿ ತಿಂಡಿಯನ್ನು ಕೈಯಲ್ಲಿ ಮುರಿದು ತಿನ್ನಿ, ಮುಂದಿನ ಕ್ಯಾಪ್‌ನಿಂದ ಕಬ್ಬು ಸಿಗಿಯುವುದನ್ನೂ ಮೂಳೆ ಕಡಿಯುವುದನ್ನೂ ಬಿಟ್ಟುಬಿಡಿ. ಲೋಹದ ಮೇಲೆ ಪಿಂಗಾಣಿ ಹೊದಿಸಿದ ಕ್ಯಾಪ್‌ನಲ್ಲಿ ಮೇಲಿನ ಪಿಂಗಾಣಿಯ ಚೂರು ಎದ್ದುಹೋಗುವುದು ಸಾಮಾನ್ಯ ಅಪಾಯ. ಮಂಜುಗಡ್ಡೆ ಅಗಿಯುವುದು, ಸೋಡಾ ಬಾಟಲಿಯ ಮುಚ್ಚಳ ಕಚ್ಚಿ ತೆಗೆಯುವುದು, ಹೂ ಕಟ್ಟುವಾಗ ಅಥವಾ ಹೊಲಿಯುವಾಗ ದಾರವನ್ನು ಹಲ್ಲಿನಲ್ಲೇ ಕತ್ತರಿಸುವುದು, ಹಾಲಿನ ಪ್ಯಾಕೆಟ್ಟಿನ ಮೂಲೆ ಹರಿಯುವುದು ನಿಲ್ಲಬೇಕು.

ಅಡಿಕೆಯ ವಿಷಯದಲ್ಲಿ ನಾನು ರಿಯಾಯಿತಿ ತೋರಿಸಲಾರೆ. ಮಲೆನಾಡು, ಕರಾವಳಿಯವರಿಗೆ ಊಟದ ನಂತರದ ಕವಳ ಬಿಡುವುದು ಕಷ್ಟವೆಂದು ಗೊತ್ತು. ಆದರೆ ಗಟ್ಟಿ ಅಡಿಕೆ ಪಿಂಗಾಣಿಯನ್ನು ಒಡೆಯುತ್ತದೆ, ಸಹಜ ಹಲ್ಲನ್ನು ಸವೆಸುತ್ತದೆ, ಕಲೆ ಅಂಚಿನ ಸುತ್ತ ಕಟ್ಟುತ್ತದೆ. ತಂಬಾಕು ಸೇರಿದರೆ ಒಸಡು ಇಳಿದು ಅಂಚು ಹೊರಗೆ ಕಾಣತೊಡಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ಕಾರಣ, ತಂಬಾಕು ಇರಲಿ ಬಿಡಲಿ, ಅಡಿಕೆ ಜಗಿಯುವುದರಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಎಂಬುದು.

ಗಟ್ಟಿಯಾದದ್ದಕ್ಕಿಂತ ಸಿಹಿಯೇ ಹಲ್ಲಿಗೆ ಹೆಚ್ಚು ಹಾನಿ ಮಾಡುತ್ತದೆ. ದಿನಕ್ಕೆ ಆರೇಳು ಸಲ ಸಕ್ಕರೆ ಹಾಕಿದ ಚಹಾ, ಕಾಫಿ ಗುಟುಕರಿಸುವವರ ಬಾಯಲ್ಲಿ ಅಂಚು ಇಡೀ ದಿನ ಆಮ್ಲದಲ್ಲಿ ನೆನೆಯುತ್ತಿರುತ್ತದೆ. ಸಿಹಿಯನ್ನು ಊಟದ ಜೊತೆಗೆ ತಿಂದು ಮುಗಿಸುವುದು ಮೇಲು.

ರಾತ್ರಿ ಹಲ್ಲು ಕಡಿಯುವ ಅಭ್ಯಾಸ (ಬ್ರಕ್ಸಿಸಮ್) ಇದ್ದರೆ ಕ್ಯಾಪ್ ಹಾಕಿಸುವ ಮುಂಚೆಯೇ ತಿಳಿಸಬೇಕು. ಬೆಳಗ್ಗೆ ಏಳುವಾಗ ದವಡೆ ಬಿಗಿದಂತಿರುವುದು, ಕಪಾಲದ ಪಕ್ಕ ನೋಯುವುದು, ಪಕ್ಕದಲ್ಲಿ ಮಲಗುವವರು ಕರಕರ ಶಬ್ದ ಕೇಳಿದೆವೆನ್ನುವುದು ಇದರ ಗುರುತುಗಳು. ಇದಕ್ಕೆ ಅಳತೆ ತೆಗೆದು ಮಾಡಿಕೊಡುವ ನೈಟ್ ಗಾರ್ಡ್ ಇದೆ. ಅದನ್ನು ತಣ್ಣೀರಿನಲ್ಲೇ ತೊಳೆಯಿರಿ, ಬಿಸಿನೀರು ತಾಗಿದರೆ ಸೊಟ್ಟಗಾಗುತ್ತದೆ.

ಹಂತ 7: ತಪಾಸಣೆ

ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆ ಇರುವವರು, ಔಷಧಗಳಿಂದ ಬಾಯಿ ಒಣಗುವವರು ಇದನ್ನು ತಪ್ಪಿಸಲೇಬಾರದು. ನರ ತೆಗೆದ ಹಲ್ಲು ಒಳಗೊಳಗೇ ಕೊಳೆಯುತ್ತಿದ್ದರೂ ನೋವು ಕೊಡುವುದಿಲ್ಲ, ಹೀಗಾಗಿ ‘ನೋವು ಬಂದಾಗ ನೋಡೋಣ’ ಎಂಬ ಲೆಕ್ಕ ಇಲ್ಲಿ ನಡೆಯದು. ವೈದ್ಯರು ಸಪೂರ ಸಲಾಕೆಯಿಂದ ಅಂಚನ್ನು ಸುತ್ತಲೂ ಮುಟ್ಟಿ ನೋಡುತ್ತಾರೆ, ಅಗತ್ಯವಿದ್ದರೆ ಎಕ್ಸ್‌ರೇ ತೆಗೆಯುತ್ತಾರೆ. ಲೋಹ ಮತ್ತು ಜಿರ್ಕೋನಿಯಾ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಂಡು ಒಳಗಿನದನ್ನು ಮರೆಮಾಡುವುದರಿಂದ, ಬರಿಯ ಎಕ್ಸ್‌ರೇ ತೆಗೆಸಿ ನಿಶ್ಚಿಂತರಾಗುವಂತಿಲ್ಲ. ಖರ್ಚು ಹೊರೆಯಾದರೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಂಥ ಕಾಲೇಜು ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ ಹೋಗಬಹುದು. ಮೈಸೂರು, ಮಂಗಳೂರು, ಧಾರವಾಡ, ಬೆಳಗಾವಿ, ದಾವಣಗೆರೆಗಳಲ್ಲೂ ದಂತ ಕಾಲೇಜುಗಳಿವೆ.

ಲೋಹದ ಮೇಲೆ ಪಿಂಗಾಣಿಯ ಕ್ಯಾಪ್ ಆಗಿದ್ದು, ವರ್ಷಗಳ ನಂತರ ಒಸಡಿನ ಬಳಿ ಬೂದು ಗೆರೆ ಕಂಡರೆ ಅದು ಸಾಮಾನ್ಯವಾಗಿ ಒಸಡು ಇಳಿದು ಒಳಗಿನ ಲೋಹ ಕಾಣುತ್ತಿರುವುದು. ಹುಳುಕೇ ಆಗಿರಬೇಕೆಂದಿಲ್ಲ, ಆದರೂ ಒಮ್ಮೆ ತೋರಿಸಿ.

ಹಂತ 8: ಕ್ಯಾಪ್ ಕಳಚಿ ಬಂದರೆ

ಮೊದಲು ಅದನ್ನು ಬಾಯಿಂದ ತೆಗೆದು, ತೊಳೆದು, ಡಬ್ಬಿಯಲ್ಲಿಡಿ. ಬೇಸಿನ್ನಿನ ಮೇಲೆ ತೊಳೆಯುವಾಗ ಜಾಲಿ ಮುಚ್ಚಿಕೊಳ್ಳಿ. ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟ ಕ್ಯಾಪ್ ಬಹುತೇಕ ಕಸದ ಬುಟ್ಟಿಗೇ ಹೋಗುತ್ತದೆ. ಆಮೇಲೆ ಒಳಗೆ ಇಣುಕಿ ನೋಡಿ. ಒಳಗೆ ಖಾಲಿಯಿದ್ದು ಬಿಳಿಯ ಸಿಮೆಂಟ್ ಮಾತ್ರ ಅಂಟಿದ್ದರೆ, ಹಲ್ಲು ಗಟ್ಟಿಯಿದ್ದ ಪಕ್ಷದಲ್ಲಿ ಅದೇ ಕ್ಯಾಪನ್ನು ಮತ್ತೆ ಕೂರಿಸಲು ಸಾಧ್ಯ. ಕಂದು ಬಣ್ಣದ ಹಲ್ಲಿನ ತುಂಡೋ (ಆಸರೆಗೆಂದು ಬೇರಿನೊಳಗೆ ಕೂರಿಸಿದ್ದ) ಲೋಹದ ಕಂಬಿಯೋ ಒಳಗೇ ಬಂದಿದ್ದರೆ ಹಲ್ಲು ಬುಡದಲ್ಲಿ ಮುರಿದಿರಬಹುದು. ಬಾಯೊಳಗೆ ಒತ್ತಿ ಕೂರಿಸಲು ಹೋಗಬೇಡಿ.

ಮನೆಯಲ್ಲಿರುವ ಸೂಪರ್ ಗ್ಲೂ ಬಗೆಯ ಅಂಟನ್ನು ಯಾವ ಕಾರಣಕ್ಕೂ ಬಳಸಬಾರದು. ಅದು ಬಾಯಿಯ ಅಂಗಾಂಶಕ್ಕೆ ಹಾನಿ ಮಾಡುತ್ತದೆ, ಕ್ಯಾಪನ್ನು ಓರೆಯಾಗಿ ಶಾಶ್ವತವಾಗಿ ಕೂರಿಸಿಬಿಡುತ್ತದೆ, ಆಮೇಲೆ ಕತ್ತರಿಸದೆ ಬೇರೆ ದಾರಿ ಉಳಿಯುವುದಿಲ್ಲ. ವೈದ್ಯರು ಸಿಗಲು ಒಂದೆರಡು ದಿನವಿದ್ದು, ಹಲ್ಲು ಜುಂ ಎನ್ನುತ್ತಿದ್ದರೆ, ಔಷಧದ ಅಂಗಡಿಯಲ್ಲಿ ಸಿಗುವ ಡೆಂಚರ್ ಅಂಟನ್ನು (ಹಲ್ಲಿನ ಸೆಟ್ ಹಿಡಿದಿಡುವ ಪೇಸ್ಟ್) ತುಸು ಸವರಿ ಹಗಲಿನಲ್ಲಿ ಮಾತ್ರ ಕೂರಿಸಿಕೊಳ್ಳಬಹುದು. ಮಲಗುವಾಗ ತೆಗೆದಿಡಲೇಬೇಕು, ನಿದ್ದೆಯಲ್ಲಿ ಶ್ವಾಸನಾಳಕ್ಕೆ ಜಾರುವ ಅಪಾಯವಿದೆ.

ಕ್ಯಾಪ್ ನುಂಗಿಬಿಟ್ಟರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಮಲದೊಂದಿಗೆ ಹೊರಹೋಗುತ್ತದೆ. ಆದರೂ ವೈದ್ಯರಿಗೆ ತಿಳಿಸಿ. ನುಂಗಿದ ಹೊತ್ತಿನಲ್ಲಿ ಕೆಮ್ಮು ಉಕ್ಕಿಬಂದಿದ್ದರೆ, ಉಸಿರಾಟದಲ್ಲಿ ಸಿಳ್ಳೆಯ ಶಬ್ದವಿದ್ದರೆ, ಎದೆಯಲ್ಲಿ ಏನೋ ಸಿಕ್ಕಿದಂತಿದ್ದರೆ ದಂತವೈದ್ಯರನ್ನು ಕಾಯದೆ ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಉಳಿದ ಕೆಲವು ಪ್ರಶ್ನೆಗಳು

ಹಲ್ಲು ಬಿಳುಪು ಮಾಡಿಸಿದರೆ ಕ್ಯಾಪ್ ಬಿಳುಪಾಗುತ್ತದೆಯೇ? ಇಲ್ಲ. ಬಿಳುಪು ಮಾಡಿಸುವ ಇಚ್ಛೆಯಿದ್ದರೆ ಮೊದಲು ಅದನ್ನು ಮುಗಿಸಿ, ಬಣ್ಣ ನಿಂತ ಮೇಲೆ ಕ್ಯಾಪ್‌ನ ಬಣ್ಣ ಆರಿಸಿ.

ಮಕ್ಕಳ ಹಾಲುಹಲ್ಲಿಗೆ ಹಾಕಿದ ಸ್ಟೀಲ್ ಕ್ಯಾಪನ್ನು ಮುಂದೆ ತೆಗೆಸಬೇಕೇ? ಬೇಡ. ಹಾಲುಹಲ್ಲು ತಾನಾಗಿ ಬೀಳುವಾಗ ಅದೂ ಜೊತೆಗೆ ಬೀಳುತ್ತದೆ. ಅಲ್ಲಿಯವರೆಗೆ ಒಸಡಿನ ಗೆರೆಯನ್ನು ಉಜ್ಜಿಸುವ ಹೊಣೆ ತಂದೆತಾಯಿಯರದು.

ಎಂಆರ್‌ಐ ಮಾಡಿಸಬಹುದೇ? ಅಂಟಿಸಿದ ಕ್ಯಾಪ್ ಇದೆಯೆಂಬ ಕಾರಣಕ್ಕೆ ಸ್ಕ್ಯಾನ್ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಲೋಹದ ಕ್ಯಾಪ್ ಇದ್ದರೆ ಮುಖ, ಕುತ್ತಿಗೆಯ ಭಾಗದ ಚಿತ್ರ ಮಸುಕಾಗಬಹುದಾದ್ದರಿಂದ, ಸ್ಕ್ಯಾನಿಗೆ ಮುಂಚೆ ತುಂಬಿಸುವ ಅರ್ಜಿಯಲ್ಲಿ ಕ್ಯಾಪ್ ಯಾವ ವಸ್ತುವಿನದೆಂದು ಬರೆದು, ತಂತ್ರಜ್ಞರಿಗೂ ಬಾಯಿಮಾತಿನಲ್ಲಿ ತಿಳಿಸಿ.